ಹೂ ಕೂಡಿದರೆ ಹೂದೋಟ: ಒಂದು ಸಂಧಿ ಪಾಠ

ಮಡಿಕೇರಿಯಲ್ಲಿ ಗಿಡ ಬೆಳೆಸುವ ಗೆಳತಿಯರು ಸೇರಿದ್ದಾಗ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ತೋಟಗಾರಿಕೆ ಓದಿದವಳಲ್ಲ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವಳು. ಸಂಧಿ, ಸಮಾಸ, ಛಂದಸ್ಸು ಅಂತ ಮಕ್ಕಳ ತಲೆ ತಿಂದು ನಿವೃತ್ತಿಯಾದೆ. ಆಮೇಲೆ ಸೋಮವಾರಪೇಟೆ ಕಡೆ ನಮ್ಮ ಮನೆಯ ಅಂಗಳದಲ್ಲಿ ಗಿಡ ನೆಡುತ್ತಾ ಕೂತೆ. ನೋಡಿದವರು ‘ನಮ್ಮನೆಗೂ ಬಂದು ಸ್ವಲ್ಪ ಹೇಳಿ’ ಅಂದರು. ಹಾಗೆ ಶುರುವಾಯಿತು. ಈಗ ಯಾವ ಗಿಡದ ಪಕ್ಕ ಯಾವ ಗಿಡ ಅಂತ ಹೇಳುವುದೇ ನನ್ನ ಕಸುಬು.

ಕೆಲವು ವರ್ಷದ ಹಿಂದೆ ಭಾಗಮಂಡಲದ ಕಡೆ ಹೋಂಸ್ಟೇ ನಡೆಸುವ ಒಬ್ಬ ಹುಡುಗಿ ಫೋನ್ ಮಾಡಿದಳು. ‘ಟೀಚರೇ, ಹೂವಿನ ಭಾಷೆ ಅಂತ ಇದೆಯಂತೆ. ಒಂದೊಂದು ಹೂವಿಗೂ ಒಂದೊಂದು ಅರ್ಥ. ಹನಿಮೂನಿಗೆ ಬರುವವರಿಗೆ ಅಂಥದ್ದೊಂದು ತೋಟ ಮಾಡಿಕೊಡಿ’ ಅಂದಳು. ಪಟ್ಟಿಯನ್ನೂ ಅವಳೇ ಕಳಿಸಿದಳು. ನೆನಪಿಗೆ ರೋಸ್‌ಮೇರಿ, ನಿಷ್ಠೆಗೆ ಲ್ಯಾವೆಂಡರ್, ಶುದ್ಧ ಮನಸ್ಸಿಗೆ ಬಿಳಿ ಲಿಲ್ಲಿ, ಪ್ರೀತಿಗೆ ಕೆಂಪು ಗುಲಾಬಿ. ನನಗೂ ಹುಮ್ಮಸ್ಸು ಬಂತು. ಏಪ್ರಿಲ್‌ನಲ್ಲಿ ನೆಟ್ಟೆವು. ಮೇ ತಿಂಗಳಲ್ಲಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು.

ಜೂನ್ ಬಂತು. ಭಾಗಮಂಡಲದ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ವರ್ಷಕ್ಕೆ 200 ಇಂಚು ದಾಟುವುದು ಹೊಸದಲ್ಲ. ರೋಸ್‌ಮೇರಿ, ಲ್ಯಾವೆಂಡರ್ ಎರಡೂ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಬೆಟ್ಟದ ಗಿಡಗಳು. ಅವಕ್ಕೆ ಕಲ್ಲು ನೆಲ, ಒಣ ಬೇಸಿಗೆ, ಚುರುಕು ಬಿಸಿಲು ಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು ಕಕ್ಕಡ ಮುಗಿಯುವ ಹೊತ್ತಿಗೆ ನೆನಪು ಬುಡದಿಂದ ಕೊಳೆತಿತ್ತು. ನಿಷ್ಠೆಗೆ ಬೂಷ್ಟು ಹಿಡಿದಿತ್ತು. ಪ್ರೀತಿಯ ಎಲೆಗಳಿಗೆ ಕಪ್ಪು ಚುಕ್ಕೆ ರೋಗ ಬಂದು ಬರೀ ಮುಳ್ಳು ಉಳಿದಿತ್ತು. ನಗಬೇಡಿ, ಆ ಹುಡುಗಿ ದುಡ್ಡು ಖರ್ಚು ಮಾಡಿದ್ದಳು. ತಪ್ಪು ನನ್ನದೇ. ಪಟ್ಟಿ ನೋಡಿದೆ, ಆಕಾಶ ನೋಡಲಿಲ್ಲ.

ಆಮೇಲೆ ಈ ಪಟ್ಟಿ ಹುಟ್ಟಿದ್ದಾದರೂ ಎಲ್ಲಿ ಅಂತ ಹುಡುಕಲು ಕೂತೆ. ಕತೆ ಚೆನ್ನಾಗಿದೆ, ಕೇಳಿ.

ಲೇಡಿ ಮೇರಿ ವರ್ಟ್ಲಿ ಮಾಂಟಗು ಅಂತ ಒಬ್ಬ ಇಂಗ್ಲಿಷ್ ಹೆಂಗಸು. ಗಂಡ ತುರ್ಕಿಯಲ್ಲಿ ಬ್ರಿಟನ್ನಿನ ರಾಯಭಾರಿ. 1718ರಲ್ಲಿ ಆಕೆ ಇಸ್ತಾಂಬುಲ್‌ನಿಂದ ಊರಿಗೊಂದು ಕಾಗದ ಬರೆದಳು. ಇಲ್ಲಿಯ ಹೆಂಗಸರು ಬೆರಳಿಗೆ ಶಾಯಿ ಅಂಟಿಸಿಕೊಳ್ಳದೆ, ಹೂವು ಹಣ್ಣು ಕಳಿಸಿಯೇ ಪ್ರೀತಿ ಮಾಡುತ್ತಾರೆ, ಜಗಳವನ್ನೂ ಆಡುತ್ತಾರೆ ಅಂತ. ಆಕೆಯ ಕಾಗದಗಳು 1763ರಲ್ಲಿ ಅಚ್ಚಾದವು. ಯುರೋಪಿಗೆ ಹುಚ್ಚು ಹಿಡಿಯಿತು. 1819ರಲ್ಲಿ ಪ್ಯಾರಿಸ್‌ನಲ್ಲಿ ಹೂವಿನ ಅರ್ಥಗಳ ಪುಸ್ತಕವೊಂದು ಬಂತು. ಆಮೇಲೆ ಇಂಗ್ಲೆಂಡಿನಲ್ಲಿ ಒಂದರ ಹಿಂದೆ ಒಂದು ಹೂ ನಿಘಂಟು ಬಂದವು.

ಆದರೆ ತುರ್ಕಿಯಲ್ಲಿ ಹೂವಿಗೆ ಅರ್ಥ ಹುಟ್ಟುತ್ತಿದ್ದದ್ದು ಹೇಗೆ ಗೊತ್ತಾ? ಪ್ರಾಸದಿಂದ! ಅವರ ಭಾಷೆಯಲ್ಲಿ ‘ಅರ್ಮುತ್’ ಅಂದರೆ ಪೇರ್ ಹಣ್ಣು. ನಮ್ಮ ಪೇರಳೆ ಅಲ್ಲ, ಸೇಬಿನ ನಂಟ. ‘ಉಮುತ್’ ಅಂದರೆ ಭರವಸೆ. ಅರ್ಮುತ್ ಕಳಿಸಿದರೆ ‘ನನಗೊಂದು ಉಮುತ್ ಕೊಡು’ ಅಂತ ಅರ್ಥ. ಹಣ್ಣಿಗೂ ಭರವಸೆಗೂ ಬೇರೆ ಸಂಬಂಧವೇ ಇಲ್ಲ, ಬರೀ ಸದ್ದಿನ ನಂಟು. ಇದು ಪ್ರೇಮಿಗಳ ಗುಟ್ಟಿನ ಭಾಷೆಯೂ ಅಲ್ಲ, ಅಂತಃಪುರದ ಹೆಂಗಸರು ಹೊತ್ತು ಕಳೆಯಲು ಆಡುತ್ತಿದ್ದ ಪ್ರಾಸದ ಆಟ ಅಂತ ಹಾಮರ್ ಎಂಬ ಆಸ್ಟ್ರಿಯಾದ ವಿದ್ವಾಂಸ 1809ರಲ್ಲೇ ಬರೆದಿದ್ದ. ಅಷ್ಟು ಹೊತ್ತಿಗೆ ಕೇಳುವವರು ಯಾರು!

ಕನ್ನಡ ಟೀಚರಿಗೆ ಪ್ರಾಸ ಅಂದರೆ ಸಾಕಲ್ಲ, ನಾನೂ ಸುಮ್ನೆ ಆಡಿ ನೋಡಿದೆ. ಮಲ್ಲಿಗೆ ಕಳಿಸಿದರೆ ‘ಬಾ ಮೆಲ್ಲಗೆ’. ಕೇದಿಗೆ ಕಳಿಸಿದರೆ ‘ಕಾಯುತ್ತೇನೆ ಹಾದಿಗೆ’. ತುಂಬೆ ಹೂ ಬಂದರೆ ‘ನಿನ್ನ ನಾ ನಂಬೆ’. ಇದನ್ನು ಇಂಗ್ಲಿಷಿಗೆ ತಿರುಗಿಸಿ ನೋಡೋಣ. ಆಗುವುದಿಲ್ಲ. ಅವರ ಪಟ್ಟಿ ನಮ್ಮಲ್ಲಿ ಎಡವುವುದೂ ಹೀಗೆಯೇ. 1884ರ ಇಂಗ್ಲಿಷ್ ಹೂ ನಿಘಂಟೊಂದರಲ್ಲಿ ಚೆಂಡುಹೂವಿಗೆ ಕೊಟ್ಟ ಅರ್ಥ ಕೀಳು ಮನಸ್ಸು. ನಾವು ಆಯುಧಪೂಜೆಗೆ ಜೀಪಿನ ಮೂತಿಗೆ ಕಟ್ಟುವ ಹೂವು! ಬೇಸಿಲ್ ಅಂದರೆ ದ್ವೇಷವಂತೆ. ಬೇಸಿಲ್ ಅಂದರೆ ತುಳಸಿಯ ಒಡಹುಟ್ಟು. ಹೋಂಸ್ಟೇ ಬಾಗಿಲಲ್ಲಿ ತುಳಸಿಕಟ್ಟೆ ನೋಡಿದ ಆ ಕಾಲದ ಇಂಗ್ಲಿಷ್ ದಂಪತಿ ಬ್ಯಾಗ್ ಎತ್ತಿಕೊಂಡು ವಾಪಸ್ ಹೋಗುತ್ತಿದ್ದರೇನೋ.

ಹಾಗಾದರೆ ನಮಗೆ ಹೂವಿನ ಭಾಷೆ ಇಲ್ಲವಾ? ಬೇಕಾದಷ್ಟಿದೆ. ದೇವಸ್ಥಾನದಲ್ಲಿ ಕೈಮುಗಿದು ನಿಂತು, ದೇವರ ಬಲಗಡೆಯಿಂದ ಹೂ ಬಿತ್ತಾ, ಎಡಗಡೆಯಿಂದ ಬಿತ್ತಾ ಅಂತ ಉಸಿರು ಹಿಡಿದು ನೋಡುವವರು ನಾವು. ‘ಬಲಗಡೆ ಹೂ ಕೊಟ್ಟಿತು’ ಅಂದರೆ ಮದುವೆ ಮಾತು ಮುಂದೆ ಹೋಗುತ್ತದೆ. ದೇವರ ಮಾತನ್ನೇ ಹೂವಿನಲ್ಲಿ ಓದುವವರಿಗೆ ಪ್ಯಾರಿಸ್ಸಿನ ಪುಸ್ತಕ ಯಾಕೆ? ಪಕ್ಕದ ತಮಿಳಿನ ಹಳೆಯ ಸಂಗಂ ಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಇಡೀ ನೆಲವನ್ನೇ ಹೂವಿನ ಹೆಸರಿನಿಂದ ಕರೆದರು. ಕುರಿಂಜಿ ಅಂದರೆ ಬೆಟ್ಟ, ಅಲ್ಲಿ ಪ್ರೇಮಿಗಳು ಕೂಡುತ್ತಾರೆ. ಮುಲ್ಲೈ ಅಂದರೆ ಮಲ್ಲಿಗೆಯ ಕಾಡು, ಅಲ್ಲಿ ಅವಳು ಅವನಿಗಾಗಿ ಕಾಯುತ್ತಾಳೆ. ಹೂವು, ಮಳೆ, ನೆಲ, ಮನಸ್ಸು ಎಲ್ಲ ಒಂದೇ ಗಂಟು. ನನಗೆ ಇದು ಸರಿ ಅನ್ನಿಸಿತು. ಒಂದು ಹೂವನ್ನು ಅದರ ನೆಲದಿಂದ ಕಿತ್ತು ತಂದು ‘ನಿನ್ನ ಅರ್ಥ ಏನು’ ಅಂತ ಕೇಳಬಾರದು. ಪಕ್ಕದಲ್ಲಿ ಯಾರಿದ್ದಾರೆ, ಮೇಲೆ ಏನು ಸುರಿಯುತ್ತಿದೆ, ಅದನ್ನೂ ನೋಡಬೇಕು.

ಇಲ್ಲಿ ನನ್ನ ಹಳೇ ಪಾಠ ಕೈಹಿಡಿಯಿತು. ಎರಡು ಶಬ್ದ ಪಕ್ಕಪಕ್ಕ ಬಂದು ಕೂಡಿದರೆ ಸಂಧಿ. ಕನ್ನಡ ಸಂಧಿ ಮೂರು: ಲೋಪ, ಆಗಮ, ಆದೇಶ. ಹಿಂದಿನ ಬೆಂಚಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು, ಕೇಳಿಸಿತು. ಪರೀಕ್ಷೆ ಇಲ್ಲ, ಹೆದರಬೇಡಿ. ಎರಡು ಗಿಡ ಕೂಡಿದಾಗಲೂ ಈ ಮೂರರಲ್ಲಿ ಒಂದು ಆಗುತ್ತದೆ.

ಊರು ಮತ್ತು ಅಲ್ಲಿ ಸೇರಿ ಊರಲ್ಲಿ. ಒಂದು ಉಕಾರ ಮಾಯ. ಇದು ಲೋಪ. ತೋಟದಲ್ಲಿ ಲೋಪ ಮಾಡುವ ದೊಡ್ಡ ಕಳ್ಳ ವೆಡೇಲಿಯ. ನೆಲಕ್ಕೆ ಹಬ್ಬುವ, ಸಣ್ಣ ಸೂರ್ಯಕಾಂತಿಯಂಥ ಹಳದಿ ಹೂವಿನ ಬಳ್ಳಿ ಇದೆಯಲ್ಲ, ಅದೇ. ಒಂದು ತುಂಡು ಬಿದ್ದರೂ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಅದರ ಪಕ್ಕ ಬಿಗೋನಿಯ ನೆಟ್ಟರೆ ಎರಡು ಮಳೆಗಾಲದಲ್ಲಿ ಬಿಗೋನಿಯ ಎಲ್ಲಿತ್ತು ಅಂತ ಹುಡುಕಬೇಕು. ಆದರೆ ಎಲ್ಲ ಲೋಪವೂ ಕೆಟ್ಟದ್ದಲ್ಲ. ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ಗೆಡ್ಡೆ ನಿಮ್ಮೆಲ್ಲರ ಮನೆಯಲ್ಲೂ ಇದೆ. ಹೂ ಆಯಿತು, ಎಲೆ ಬಂತು, ಚಳಿಗೆ ಎಲ್ಲ ಒಣಗಿ ಗೆಡ್ಡೆ ಮಲಗಿತು. ಆ ಖಾಲಿ ಜಾಗಕ್ಕೆ ಸೇವಂತಿಗೆ ಕೂರಿಸಿ. ಒಂದು ಮಾಯವಾದಾಗ ಇನ್ನೊಂದು ಮಾತಾಡುತ್ತದೆ.

ಹೂ ಮತ್ತು ಇನ ಸೇರಿದರೆ ಹೂವಿನ. ಎರಡರಲ್ಲೂ ಇಲ್ಲದ ವಕಾರ ನಡುವೆ ಬಂದು ಕೂತಿತು. ಇದು ಆಗಮ. ಇದೇ ನನಗೆ ತುಂಬಾ ಇಷ್ಟ. ನೀವು ನೆಡುವುದು ಎರಡು, ಬರುವುದು ಮೂರನೆಯದು.

ಈಶ್ವರಿ ಬಳ್ಳಿ ಅಂತ ಒಂದಿದೆ. ನೋಡಲು ಏನೂ ಇಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಬೇಲಿಗೆ ಹಬ್ಬಿಸಿ. ಎದುರಿಗೆ ತೇರಿನಂತೆ ಮೆಟ್ಟಿಲು ಮೆಟ್ಟಿಲಾಗಿ ಕೆಂಪು ಹೂ ಬಿಡುವ ರಥಪುಷ್ಪ ನೆಡಿ. ಜೊತೆಗೆ ಒಂದು ಬೆಳ್ಳಟ್ಟಿ ಇದ್ದರೆ ಇನ್ನೂ ಚೆನ್ನ. ನಮ್ಮ ರಾಜ್ಯದ ಚಿಟ್ಟೆ, ಆ ದೊಡ್ಡ ಕಪ್ಪು ಹಳದಿ ರೆಕ್ಕೆಯದ್ದು, ಮೊಟ್ಟೆ ಇಡುವುದು ಈಶ್ವರಿಯ ಜಾತಿಯ ಬಳ್ಳಿಗಳ ಮೇಲೆ. ಜೇನು ಕುಡಿಯಲು ರಥಪುಷ್ಪಕ್ಕೆ ಬರುತ್ತದೆ. ಹುಳು ಎಲೆ ತಿನ್ನುತ್ತದೆ, ಔಷಧಿ ಹೊಡೆಯಬೇಡಿ. ಔಷಧಿ ಹೊಡೆದು ಚಿಟ್ಟೆ ಬರಲಿಲ್ಲ ಅಂತ ನನಗೆ ಫೋನ್ ಮಾಡಿದವರು ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.

ಹಾಗೆಯೇ ಹೆಸರಿನಲ್ಲೇ ಮೈಸೂರು ಇಟ್ಟುಕೊಂಡಿರುವ ತನ್‌ಬರ್ಜಿಯಾ ಮೈಸೊರೆನ್ಸಿಸ್. ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ. ಚಪ್ಪರಕ್ಕೆ ಹಬ್ಬಿಸಿದರೆ ಕೆಂಪು ಹಳದಿ ಹೂವಿನ ಸರ ಮೊಳಗಟ್ಟಲೆ ಇಳಿಯುತ್ತದೆ, ಸೂರಕ್ಕಿಗಳು ಜೋತಾಡುತ್ತವೆ. ಕೂರುವ ಬೆಂಚು ಮಾತ್ರ ಸರದ ನೇರ ಕೆಳಗೆ ಬೇಡ. ಜೇನು ಸುರಿದು ಬೆಂಚಿಗೆ ಇರುವೆ.

ಆಗಮ ಅಂದಾಗ ಕುಶಾಲನಗರದ ಒಂದು ಮನೆ ನೆನಪಾಗುತ್ತದೆ. ಅಣ್ಣ ತಮ್ಮ ಪಾಲಾಗಿ ನಡುವೆ ಗೋಡೆ ಬಂತು. ವಾರಗಿತ್ತಿಯರಿಗೆ ಮಾತಿಲ್ಲ. ಹಿರಿಯಾಕೆ ಪಾರಿಜಾತ ನೆಡಬೇಕು ಅಂದರು. ಸತ್ಯಭಾಮೆಯ ಅಂಗಳದಲ್ಲಿ ಗಿಡ, ರುಕ್ಮಿಣಿಯ ಅಂಗಳದಲ್ಲಿ ಹೂ, ಆ ಕತೆ ಗೊತ್ತಲ್ಲ? ಮಳೆಗಾಲದ ಗಾಳಿ ಇಲ್ಲಿ ಪಡುವಣದಿಂದ ಬೀಸುತ್ತದೆ. ಅವರ ಮನೆ ಪಡುವಣಕ್ಕೆ, ಗಿಡ ಗೋಡೆಗೆ ಒತ್ತಿಕೊಂಡು. ಕೃಷ್ಣನೂ ಗಾಳಿ ನೋಡಿಯೇ ನೆಟ್ಟಿರಬೇಕು. ಪಾರಿಜಾತ ಕಿತ್ತು ಏರಿಸುವ ಹೂವಲ್ಲ, ನೆಲಕ್ಕೆ ಬಿದ್ದದ್ದೇ ಪೂಜೆಗೆ ನಡೆಯುತ್ತದೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ‘ಅಕ್ಕಾ, ಹೂ ಎಲ್ಲ ಈ ಕಡೆಯೇ ಬಿದ್ದಿದೆ, ಬುಟ್ಟಿ ಕೊಡ್ತೀರಾ’ ಅಂತ ಕೇಳಿತಂತೆ. ಗಿಡದಿಂದಲೇ ಎಲ್ಲ ಸರಿಯಾಯಿತು ಅಂತ ನಾನು ಹೇಳುವುದಿಲ್ಲ. ಪಾಲಿನ ಕೇಸು ಇನ್ನೂ ನಡೆಯುತ್ತಿದೆ. ಬುಟ್ಟಿಯೂ ಹೋಗಿ ಬರುತ್ತಿದೆ.

ಈಗ ಕೊಡಗಿನದ್ದೇ ಒಂದು ಜೋಡಿ. ನಾನು ನೆಡಿಸಿದ್ದರಲ್ಲಿ ನನಗೆ ಜಾಸ್ತಿ ಹೆಮ್ಮೆ ಇರುವುದು ಇದರ ಬಗ್ಗೆಯೇ.

ಮದ್ದು ಸೊಪ್ಪು ಯಾರ ಮನೆಯಲ್ಲಿ ಇಲ್ಲ? ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಅವತ್ತು ಅದರ ರಸದ ಪಾಯಸ, ನೇರಳೆ ಬಣ್ಣ, ಆ ಪರಿಮಳ. ಮಾರನೇ ದಿನ ಬಚ್ಚಲಲ್ಲಿ ಮೂತ್ರದ ಬಣ್ಣ ನೋಡಿ ಹೆದರಿದ ಬೆಂಗಳೂರಿನ ನೆಂಟರ ಕತೆ ನಿಮ್ಮ ಹತ್ತಿರವೂ ಇರುತ್ತದೆ. ಉಳಿದ ದಿನ ಅದು ಬರೀ ಹಸಿರು ಬೇಲಿ.

ಆ ಬೇಲಿಯ ಬುಡದಲ್ಲಿ, ಎರಡು ಮಾರಿಗೊಂದರಂತೆ, ತೋಕ್ ಪೂ ಗೆಡ್ಡೆ ಇಡಿ. ಕೆಲವರು ಅಗ್ನಿಶಿಖೆ ಅನ್ನುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಬಂದಾಗ ಕೋವಿಗೆ ಮುಡಿಸುವ ಹೂವು. ಇದಕ್ಕೆ ಬುಡ ನೆರಳಲ್ಲಿ, ತಲೆ ಬಿಸಿಲಲ್ಲಿ ಇರಬೇಕು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದು ಏರುತ್ತದೆ. ಮದ್ದು ಸೊಪ್ಪಿನ ಬೇಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆಗಸ್ಟ್‌ನಲ್ಲಿ ಬೇಲಿಯ ಎಲೆ ಮಾತಾಡಿತು. ತಿಂಗಳು ಕಳೆಯುವುದರೊಳಗೆ ಅದೇ ಬೇಲಿಯ ಮೇಲೆ ಬೆಂಕಿಯಂಥ ಹೂ. ಒಂದು ಹಬ್ಬ ಮುಗಿದು ಇನ್ನೊಂದು ಬಂತು ಅಂತ ಕ್ಯಾಲೆಂಡರ್ ನೋಡದೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ತೋಕ್ ಪೂ ಇಡೀ ಗಿಡ ವಿಷ, ಗೆಡ್ಡೆ ಇನ್ನೂ ವಿಷ. ಪಕ್ಕದಲ್ಲಿರುವುದು ತಿನ್ನುವ ಸೊಪ್ಪು. ಸೊಪ್ಪು ಕೊಯ್ಯುವ ಭಾಗ ಬೇರೆ, ಹೂವಿನ ಭಾಗ ಬೇರೆ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಗೆ ಈ ಜೋಡಿ ಬೇಡವೇ ಬೇಡ.

ಆ ಭಾಗಮಂಡಲದ ಹೋಂಸ್ಟೇಗೂ ಕೊನೆಗೆ ಆಕಾಶ ನೋಡಿಯೇ ಗಿಡ ನೆಟ್ಟದ್ದು. ನೆರಳಿನ ಕಡೆ ಜರಿಗಿಡ, ಬಿಗೋನಿಯ. ಕಿಟಕಿಯ ಪಕ್ಕ ಬಿಳಿ ಸುಗಂಧಿ, ಮಳೆಯಲ್ಲೇ ಅರಳುವಂಥದ್ದು. ಮೆಟ್ಟಿಲ ಬದಿಗೆ ಕರ್ಣಕುಂಡಲ. ಇಂಗ್ಲಿಷ್ ನಿಘಂಟು ಕರ್ಣಕುಂಡಲಕ್ಕೆ ‘ತಾಳ್ಮೆ ಇಲ್ಲದ್ದು’ ಅನ್ನುತ್ತದೆ. ಬಲಿತ ಕಾಯಿ ಮುಟ್ಟಿದರೆ ಟಪ್ ಅಂತ ಸಿಡಿಯುತ್ತದಲ್ಲ, ಅದಕ್ಕೆ. ಈ ಒಂದು ಅರ್ಥ ನಮಗೂ ಒಪ್ಪಿತ. ಹನಿಮೂನಿನವರು ಅದನ್ನೇ ಮುಟ್ಟಿ ಮುಟ್ಟಿ ಆಡುತ್ತಾರಂತೆ.

ಕಾಫಿ ಹೂವಿನ ಬಗ್ಗೆ ಒಂದೇ ಮಾತು. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಹೊರಗಿನವರಿಗೆ ಅದು ಪರಿಮಳ. ನಮಗೆ ಅದು ಬ್ಯಾಂಕಿನ ಲೆಕ್ಕ, ‘ನಿಮ್ಮಲ್ಲಿ ಮಳೆ ಎಷ್ಟು ಸೆಂಟು ಬಿತ್ತು?’ ನೂರು ಸೆಂಟಿಗೆ ಒಂದು ಇಂಚು. ಆ ನಾಲ್ಕು ದಿನ ಬೇರೆ ಯಾವ ಹೂವಿನ ವಾಸನೆಯೂ ಗೆಲ್ಲುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಪರಿಮಳ ಬಿಡುವ ಗಿಡಕ್ಕೆ ದುಡ್ಡು ಸುರಿಯಬೇಡಿ.

ವ್ಯಾಕರಣದಲ್ಲಿ ಇನ್ನೊಂದಿದೆ. ಎಷ್ಟೋ ಕಡೆ ಎರಡು ಪದ ಪಕ್ಕದಲ್ಲೇ ಇದ್ದರೂ ಸಂಧಿ ಮಾಡುವಂತಿಲ್ಲ. ‘ಅಯ್ಯೋ ಇದೇನು’ ಅನ್ನುವಾಗ ಕೂಡಿಸಿ ನೋಡಿ, ಕೆಡುತ್ತದೆ. ಅದಕ್ಕೆ ಹೆಸರು ಪ್ರಕೃತಿಭಾವ. ಇದ್ದ ಹಾಗೇ ಬಿಡುವುದು. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಲ್ಲಿಂದ ಗಿಡ ಕಿತ್ತು ತರಬೇಡಿ. 2021ರಲ್ಲಿ ಮಾಂದಲಪಟ್ಟಿಯಲ್ಲಿ ಕುರಿಂಜಿ ಅರಳಿದಾಗ ಕೊಂಬೆ ಮುರಿದು ಕಾರಿಗೆ ಸಿಕ್ಕಿಸಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಬೆಟ್ಟದ ಹೂವನ್ನು ಬೆಟ್ಟಕ್ಕೇ ಹೋಗಿ ನೋಡಿ ಬನ್ನಿ.

ಉಳಿದದ್ದು ಆದೇಶ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಕಕಾರ ಹೋಗಿ ಗಕಾರ. ಹೂ ಮತ್ತು ತೋಟ ಸೇರಿ ಹೂದೋಟ. ತೋಟ ಅನ್ನುವ ಪದವೇ ಹೂವಿನ ಪಕ್ಕ ಬಂದು ಸ್ವಲ್ಪ ಮೆತ್ತಗಾಯಿತು ನೋಡಿ.

ಇದಕ್ಕೆ ಹೈಡ್ರೇಂಜಿಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಸುಣ್ಣದ ಅಂಶ ಇದ್ದರೆ ಸಿಗುವುದಿಲ್ಲ, ಹೂ ಗುಲಾಬಿ. ನಮ್ಮದು ಹುಳಿ ಮಣ್ಣು. ಅದಕ್ಕೇ ಹಳೇ ಬಂಗಲೆಗಳ ಮುಂದೆಲ್ಲ ನೀಲಿ. ಇಂಗ್ಲಿಷ್ ನಿಘಂಟಿನಲ್ಲಿ ಪಾಪ ಇದಕ್ಕೆ ಜಂಬಗಾರ, ಕಲ್ಲು ಮನಸ್ಸಿನದ್ದು ಅಂತ ಅರ್ಥ. ಜುಲೈ ತಿಂಗಳ ಜಡಿಮಳೆಯಲ್ಲಿ ಬೇರೆ ಎಲ್ಲ ಹೂ ಕೊಳೆತಾಗ ಇದೊಂದೇ ತಲೆ ಎತ್ತಿ ನಿಲ್ಲುವುದನ್ನು ಅವರು ನೋಡಿರಲಿಕ್ಕಿಲ್ಲ.

ಮಾದಾಪುರದ ಕಡೆ ಒಬ್ಬರು ಅಜ್ಜಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅವರ ಮನೆ, ಅಂಗಳ, ತೋಟ ಎಲ್ಲ ಹೋಯಿತು. ಜನ ಉಳಿದರು. ಹೊಸ ಮನೆ ಬೇರೆ ಕಡೆ ಆಯಿತು. ಮಗ ನನ್ನನ್ನು ಕರೆಸಿದ. ಅಜ್ಜಿ ಹೇಳಿದ್ದು ಒಂದೇ ಮಾತು: ‘ನರ್ಸರಿಯಿಂದ ಏನೂ ತರಬೇಡಮ್ಮ’. ನನಗೆ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಸುಂಟಿಕೊಪ್ಪದಿಂದ ತಂಗಿ, ವಿರಾಜಪೇಟೆಯಿಂದ ಸೊಸೆಯ ತವರಿನವರು, ಹಳೇ ಪಕ್ಕದ ಮನೆಯವರು. ಎಲ್ಲರ ಕೈಯಲ್ಲೂ ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳು. ನಲವತ್ತು ವರ್ಷ ಅಜ್ಜಿ ಬಂದವರಿಗೆಲ್ಲ ಮುರಿದು ಕೊಟ್ಟಿದ್ದ ನೀಲಿ ಹೈಡ್ರೇಂಜಿಯದ ಸಂತಾನ ಅದು. ನನಗೆ ಮಾಡಲು ಉಳಿದ ಕೆಲಸ ಎಂದರೆ ಸಾಲು ಹಾಕುವುದು. ಹಿಂದೆ ಸಂಪಿಗೆ, ಮುಂದೆ ಹೈಡ್ರೇಂಜಿಯ, ಕೆಳಗೆ ಜರಿಗಿಡ, ಹಳೇ ಅಂಗಳದಲ್ಲಿ ಇದ್ದ ಹಾಗೆ.

ಮುಂದಿನ ಮಳೆಗಾಲ ಹೂ ಬಂತು. ಗುಲಾಬಿ ಬಣ್ಣ!

ನನ್ನ ಎದೆ ಧಸಕ್ ಅಂದಿತು. ಮನೆ ಕಟ್ಟಿದ ಸಿಮೆಂಟು, ಸುಣ್ಣ ಎಲ್ಲ ಮಣ್ಣಿಗೆ ಸೇರಿತ್ತು. ನಾನು ಮಣ್ಣು ನೋಡಬೇಕಿತ್ತು, ಎರಡನೇ ಸಲ ಅದೇ ತಪ್ಪು. ‘ಅಜ್ಜಿ, ಆಲಂ ಕರಗಿಸಿ ಬುಡಕ್ಕೆ ಹಾಕಿದರೆ ನೀಲಿಗೆ ತಿರುಗುತ್ತದೆ, ಮಾಡಲಾ?’ ಅಂದೆ. ಅಜ್ಜಿ ತುಂಬಾ ಹೊತ್ತು ಗಿಡವನ್ನೇ ನೋಡಿದರು. ‘ಮನೆ ಬದಲಾಯಿತಲ್ಲ, ಅದಕ್ಕೂ ಗೊತ್ತಾಗಿದೆ. ಬಿಡು’ ಅಂದರು.

ಬಿಟ್ಟೆವು. ಮೂರು ಮಳೆಗಾಲ ಸುಣ್ಣ ತೊಳೆದು ಹೋಯಿತು. ಹೋದ ವರ್ಷ ನೋಡಿದರೆ ಗೋಡೆ ಕಡೆಯ ಕೊಂಬೆಗಳಲ್ಲಿ ಇನ್ನೂ ಗುಲಾಬಿ, ಹೊರಗಿನ ಕೊಂಬೆಗಳಲ್ಲಿ ನೀಲಿ, ನಡುವೆ ಎರಡೂ ಅಲ್ಲದ ಒಂದು ನೇರಳೆ. ಒಂದೇ ಗಿಡದಲ್ಲಿ.

ಅಜ್ಜಿ ಈಗಲೂ ಕೇಳಿದವರಿಗೆಲ್ಲ ಕಡ್ಡಿ ಕೊಡುತ್ತಾರೆ. ಬೇಕಾದವರು ಹೆಸರು ಬರೆಸಿ, ಜೂನ್‌ನಲ್ಲಿ ಒಟ್ಟಿಗೆ ಹೋಗೋಣ. ಗೋಣಿ ಚೀಲ ನೀವೇ ತನ್ನಿ.